ಫೋಟೋ ಬೇಡ ಅಂದದ್ದು ತಪ್ಪಲ್ಲ

(ಓದುಗರೊಬ್ಬರ ಪತ್ರದ ಸಾರ: ನಮ್ಮ ಚರ್ಚಿಗೆ ಸುತ್ತಮುತ್ತ ಒಳ್ಳೆ ಹೆಸರಿದೆ. ವಾರಕ್ಕೊಮ್ಮೆ ರೇಷನ್ ಕೊಡುತ್ತೇವೆ. ಸಂಜೆ ಮಕ್ಕಳಿಗೆ ಪಾಠ ಹೇಳುತ್ತೇವೆ. ನೋಡಿಕೊಳ್ಳುವವರಿಲ್ಲದ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಈಗ ಹೊಸ ಕಮಿಟಿ ಬಂದಿದೆ. ರೇಷನ್ ತೆಗೆದುಕೊಳ್ಳುವವರ ಫೋಟೋ ತೆಗೆದು ದೊಡ್ಡ ಬೋರ್ಡ್ ಹಾಕೋಣ ಎನ್ನುತ್ತಿದೆ. "ನಿಮ್ಮ ಬೆಳಕು ಜನರ ಮುಂದೆ ಹೊಳೆಯಲಿ ಅಂತ ಯೇಸುವೇ ಹೇಳಿಲ್ವಾ?" ಎಂಬುದು ಅವರ ವಾದ. ಇನ್ನು ಕೆಲವರು, "ಇಷ್ಟು ವರ್ಷ ತಗೊಂಡವರಲ್ಲಿ ಎಷ್ಟು ಜನ ಭಾನುವಾರದ ಆರಾಧನೆಗೆ ಬಂದರು?" ಎಂದು ಕೇಳುತ್ತಾರೆ. ನಾನು ಫೋಟೋ ಬೇಡ ಅಂದೆ. ಚರ್ಚಿನ ಹೆಸರಿಗೆ ಅಡ್ಡ ಬರುವವನು ಅಂದುಬಿಟ್ಟರು. ನಾನು ಮಾಡಿದ್ದು ತಪ್ಪಾ?)

ಪ್ರಿಯರೇ,

ತಪ್ಪಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರ ಓದಿದಾಗ ನನಗೆ ನಮ್ಮದೇ ಒಂದು ತಪ್ಪು ನೆನಪಾಯಿತು.

ಹಲವು ವರ್ಷಗಳ ಹಿಂದಿನ ಮಾತು. ಒಂದು ಚರ್ಚಿನವರು ಮಕ್ಕಳಿಗೆ ಸ್ಕೂಲ್ ಬ್ಯಾಗ್ ಹಂಚಿದ ಫೋಟೋ ಕಳಿಸಿದ್ದರು. ಒಳ್ಳೆ ಕೆಲಸ, ನಾಲ್ಕು ಜನ ನೋಡಲಿ ಎಂದು ನಾವು ಅದನ್ನು ಪತ್ರಿಕೆಯಲ್ಲಿ ದೊಡ್ಡದಾಗಿಯೇ ಹಾಕಿದೆವು. ಕೆಲವು ದಿನ ಕಳೆದ ಮೇಲೆ ಒಬ್ಬ ತಾಯಿ ಕಚೇರಿಗೆ ಬಂದರು. ಆ ಪುಟವನ್ನು ನಾಲ್ಕಾಗಿ ಮಡಿಸಿ ಕೈಯಲ್ಲಿ ಹಿಡಿದಿದ್ದರು. ಜಗಳ ಆಡಲಿಲ್ಲ. ಮೇಜಿನ ಮೇಲೆ ಬಿಡಿಸಿಟ್ಟು, ಒಬ್ಬ ಹುಡುಗನ ಮುಖದ ಪಕ್ಕ ಬೆರಳಿಟ್ಟರು. "ಇವನು ಈಗ ಪುಸ್ತಕಾನ ಪ್ಲಾಸ್ಟಿಕ್ ಕವರಲ್ಲಿ ತಗೊಂಡು ಹೋಗ್ತಾನೆ ಸರ್. ಬ್ಯಾಗ್ ಮಂಚದ ಕೆಳಗಿದೆ" ಅಂದರು. ಅಷ್ಟೇ ಹೇಳಿ ಎದ್ದು ಹೋದರು. ಪುಟ ಮೇಜಿನ ಮೇಲೇ ಇತ್ತು. ಅವತ್ತಿನಿಂದ ಪಡೆದುಕೊಳ್ಳುವವರ ಮುಖ ನಮ್ಮ ಪತ್ರಿಕೆಯಲ್ಲಿ ಬಂದಿಲ್ಲ.

ಕಮಿಟಿಯವರು ಹೇಳುವ ಬೆಳಕಿನ ಮಾತು ಬೈಬಲಿನ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ, ನಿಜ. ಒಂದು ಪುಟ ತಿರುಗಿಸಿದರೆ 6ನೇ ಅಧ್ಯಾಯ. ಬಲಗೈ ಕೊಟ್ಟದ್ದು ಎಡಗೈಗೂ ಗೊತ್ತಾಗದಿರಲಿ ಎಂಬ ಮಾತು ಅಲ್ಲಿದೆ. ಎರಡೂ ಯೇಸು ಒಂದೇ ಬೆಟ್ಟದ ಮೇಲೆ ಕೂತು ಹೇಳಿದ್ದು. ನನಗೆ ಇವೆರಡರಲ್ಲಿ ವಿರೋಧ ಕಾಣುವುದಿಲ್ಲ. ಬಾಗಿಲು ತೆರೆದಿದೆ, ಯಾವ ದಿನ, ಎಷ್ಟು ಹೊತ್ತಿಗೆ ಬರಬೇಕು ಎಂದು ಬೋರ್ಡ್ ಹಾಕಲಿ. ಅದರಿಂದ ಹೊಸಬರಿಗೆ ದಾರಿ ಗೊತ್ತಾಗುತ್ತದೆ. ಕಾಣಿಕೆಯ ಲೆಕ್ಕವನ್ನೂ ಗೋಡೆಗೆ ಹಚ್ಚಲಿ, ಜನ ನೋಡಲಿ. ಚೀಲ ಹಿಡಿದು ನಿಂತವರ ಮುಖ ಮಾತ್ರ ಬೇಡ.

ಇನ್ನು 'ಹೆಸರು' ಎಂಬ ವಿಷಯ. ಇದರ ಬಗ್ಗೆ ನನಗೆ ಜಾಸ್ತಿ ಹೇಳಬೇಕೆನಿಸುತ್ತದೆ. ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯ ತೆಗೆಯಿರಿ. ಯೆರೂಸಲೇಮಿನಲ್ಲಿ ಕ್ರೈಸ್ತರ ಸಭೆ ಆಗಷ್ಟೇ ಬೆಳೆಯುತ್ತಿತ್ತು. ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂಬ ಗುಣುಗುಟ್ಟು ಎದ್ದಿತು. ಅಂದರೆ ಸೇವೆಯ ಬಗ್ಗೆ ನಮಗೆ ಸಿಗುವ ಮೊದಮೊದಲ ದಾಖಲೆಗಳಲ್ಲೇ ಒಂದು ದೂರು ಇದೆ! ಅದನ್ನು ಬರೆದವರು ಮುಚ್ಚಿಡಲಿಲ್ಲ. ಸಭೆ ನಡೆಸುತ್ತಿದ್ದ ಯೇಸುವಿನ ಹನ್ನೆರಡು ಮಂದಿ ಅಪೊಸ್ತಲರು ಎಲ್ಲರನ್ನೂ ಕರೆಸಿ, ಒಳ್ಳೆ ಹೆಸರಿರುವ ಏಳು ಜನರನ್ನು ನೀವೇ ಆರಿಸಿ ಅಂದರು. ಆರಿಸಿದ ಏಳು ಹೆಸರುಗಳನ್ನೂ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರು. ಯಾವ ಕಡೆಯಿಂದ ದೂರು ಬಂತೋ ಆ ಕಡೆಯವರ ಕೈಗೇ ಹಂಚುವ ಕೆಲಸ ಕೊಟ್ಟಂತೆ ಕಾಣುತ್ತದೆ. ನಿಮ್ಮ ಕಮಿಟಿಯಲ್ಲಿ ರೇಷನ್ ಪಡೆಯುವ ಮನೆಯವರು ಒಬ್ಬರಾದರೂ ಇದ್ದಾರಾ? ಇಲ್ಲದಿದ್ದರೆ ಒಬ್ಬರನ್ನು ಸೇರಿಸಿಕೊಳ್ಳಿ.

ಮುಂದೆ ಮುನ್ನೂರು ವರ್ಷ ಕಳೆದ ಮೇಲೆ ಈ ಸೇವೆಗೆ ಒಂದು ಸಾಕ್ಷಿ ಸಿಕ್ಕಿತು. ಅದು ಚರ್ಚಿನವರದ್ದಲ್ಲ. ರೋಮಿನ ಚಕ್ರವರ್ತಿ ಜೂಲಿಯನ್‌ಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ, ಹಳೆಯ ದೇವರುಗಳ ಪೂಜೆ ಮತ್ತೆ ತರಲು ಹೊರಟವನು. ಅವನೇ 362ರ ಸುಮಾರಿಗೆ ತನ್ನ ಒಬ್ಬ ಪೂಜಾರಿಗೆ ಬರೆದ ಪತ್ರದಲ್ಲಿ, ಇವರು ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆ ಎಂದು ಹೊಟ್ಟೆ ಉರಿದುಕೊಂಡಿದ್ದಾನೆ. ಆಗದವರ ಬಾಯಲ್ಲೂ ಬರುವ ಮಾತು ಅಂದರೆ ಇದು, ಅಲ್ವಾ? 'ನಮ್ಮ ಬಡವರನ್ನೂ' ಎಂಬ ಮಾತನ್ನು, ಎಷ್ಟು ಜನ ಆರಾಧನೆಗೆ ಬಂದರು ಎಂದು ಕೇಳುವವರಿಗೆ ಓದಿ ಹೇಳಿ. ಬರಲಿ ಎಂಬ ಆಸೆ ತಪ್ಪಲ್ಲ. ಆದರೆ ಬರಲೇಬೇಕು ಎಂಬ ಲೆಕ್ಕ ಮನಸ್ಸಲ್ಲಿಟ್ಟು ಕೊಟ್ಟರೆ ಅದು ಸಾಲ. ತಗೊಳ್ಳುವವರಿಗೆ ಅದು ಮೊದಲ ದಿನವೇ ಗೊತ್ತಾಗುತ್ತದೆ.

ಹೆಸರು ಕಾಯುವುದೇ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ ನೋವಿನ ಉದಾಹರಣೆಯೂ ಇದೆ. ಐರ್ಲೆಂಡಿನಲ್ಲಿ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಿಗೆ ಆಶ್ರಯಮನೆಗಳೆಂಬ ಗೌರವವಿತ್ತು. ಒಳಗೆ ಹೆಣ್ಣುಮಕ್ಕಳು ಸಂಬಳವಿಲ್ಲದೆ ಬಟ್ಟೆ ಒಗೆಯುತ್ತಿದ್ದರು. ಕೊನೆಯದು ಮುಚ್ಚಿದ್ದು 1996ರಲ್ಲಿ. 2013ರಲ್ಲಿ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನಿಮ್ಮ ಸಭೆಯನ್ನು ಅದಕ್ಕೆ ಹೋಲಿಸುತ್ತಿಲ್ಲ. ದೂರು ಹೇಳಲು ಬಂದವರನ್ನು 'ಹೆಸರಿಗೆ ಅಡ್ಡ ಬರುವವರು' ಅನ್ನುವ ಅಭ್ಯಾಸ ಶುರುವಾದಾಗಲೇ ಎಚ್ಚರವಾಗಬೇಕು ಎಂದು ಹೇಳುತ್ತಿದ್ದೇನೆ.

ನ್ಯೂಯಾರ್ಕಿನ ಸೇಂಟ್ ಪಾಲ್ಸ್ ಚಾಪೆಲ್ ಬಗ್ಗೆಯೂ ಹೇಳಬೇಕು. 2001ರ ಸೆಪ್ಟೆಂಬರ್ 11ರಂದು ಉರುಳಿದ ಕಟ್ಟಡಗಳಿಗೆ ಅದು ತೀರಾ ಹತ್ತಿರ. ಎಂಟು ತಿಂಗಳಿಗೂ ಹೆಚ್ಚು ಕಾಲ ಅವಶೇಷ ತೆಗೆಯುವವರು ಅಲ್ಲೇ ಉಂಡರು, ಬೆಂಚುಗಳ ಮೇಲೇ ಮಲಗಿದರು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಪ್ರಾರ್ಥನೆಗೆ ಕೂರುತ್ತಿದ್ದ ಜಾಗವನ್ನು ಆ ಚರ್ಚ್ ಜೋಪಾನವಾಗಿ ಕಾಪಾಡಿಕೊಂಡು ಬಂದಿತ್ತು. ಆ ದಿನಗಳಲ್ಲಿ ದಣಿದು ಬಂದವರು ಅಲ್ಲೇ ಕೂತು ಬೂಟು ಬಿಚ್ಚುತ್ತಿದ್ದರು. ಪಾದದ ಡಾಕ್ಟರುಗಳು ಅವರ ಬೊಬ್ಬೆಗಳಿಗೆ ಮದ್ದು ಹಾಕುತ್ತಿದ್ದರು. ಆ ಚರ್ಚಿನ ಬಗ್ಗೆ ಓದಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಕಾಲುಗಳು.

ಮುಂದಿನ ಮೀಟಿಂಗಿಗೆ ಮೊದಲು ಒಂದು ಕೆಲಸ ಮಾಡಿ. ರೇಷನ್ ಕೊಡುವ ದಿನ ಟೇಬಲ್ಲಿನ ಹಿಂದೆ ನಿಲ್ಲಬೇಡಿ, ಸಾಲಿನಲ್ಲಿ ನಿಲ್ಲಿ. ಫೋಟೋ ತೆಗೆದರೆ ನಿಮಗೆ ಹೇಗನಿಸುತ್ತದೆ ಎಂದು ಪಕ್ಕದವರನ್ನು ಕೇಳಿ. ಅವರ ಮಾತನ್ನು ಹಾಗೆಯೇ ಬರೆದುಕೊಂಡು, ಅವರು ಒಪ್ಪಿದರೆ ಹೆಸರು ಹೇಳದೆ ಕಮಿಟಿಯ ಮುಂದೆ ಓದಿ. ಆಮೇಲೆ ಏನಾಯಿತು ಅಂತ ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.

ಸಂಪಾದಕ