ವಾಟ್ಸನ್ ಹೋಟೆಲಿನ ಬಾಲ್ಕನಿ ಬಾಗಿಲು

ಮುಂಬೈನ ಕಾಲಾ ಘೋಡಾದಲ್ಲಿ ಒಂದು ಹಳೇ ಕಬ್ಬಿಣದ ಕಟ್ಟಡ ನೋಡಿದಿರಂತೆ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಉಳಿದುಕೊಂಡಿದ್ದ ವಾಟ್ಸನ್ ಹೋಟೆಲ್ ಇದೇನಾ, ಜೆಮ್‌ಶೆಟ್‌ಜಿ ಟಾಟಾ ಅವರನ್ನು ಒಳಗೆ ಬಿಡದೇ ಇದ್ದದ್ದೂ ಇಲ್ಲೇನಾ ಅಂತ ಕೇಳಿದ್ದೀರಿ.

ಹೋಟೆಲ್ ಅದೇ. ಜಾನ್ ವಾಟ್ಸನ್ ಎಂಬ ಬಟ್ಟೆ ವ್ಯಾಪಾರಿ ಕಟ್ಟಿಸಿದ್ದು. ಎರಕದ ಕಬ್ಬಿಣದ ಕಂಬ, ತೊಲೆ ಎಲ್ಲ ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಇಲ್ಲಿ ಜೋಡಿಸಿ ನಿಲ್ಲಿಸಿದರು. 1871ರಲ್ಲಿ ಹೋಟೆಲ್ ಶುರುವಾಯಿತು. ಬಿಳಿಯರಿಗೆ ಮಾತ್ರ ಪ್ರವೇಶ.

ಟಾಟಾ ಅವರ ಕಥೆ ಎಲ್ಲರ ಬಾಯಲ್ಲೂ ಇದೆ. ಆ ಅವಮಾನಕ್ಕೇ ಅವರು ಮುಂಬೈನ ತಾಜ್ ಹೋಟೆಲ್ ಕಟ್ಟಿಸಿದರು ಅನ್ನುತ್ತಾರೆ. ತಾಜ್ 1903ರಲ್ಲಿ ತೆರೆದದ್ದು ನಿಜ. ಆದರೆ ಅವಮಾನದ ಕಥೆಯನ್ನು ಹಲವು ಇತಿಹಾಸಕಾರರು ಒಪ್ಪುವುದಿಲ್ಲ. ನನಗೂ ಅದು ಬೇಕು ಅನ್ನಿಸುವುದಿಲ್ಲ. ಯಾಕೆಂದರೆ ಇಲ್ಲಿ ನಡೆದ ಇನ್ನೊಂದು ಅವಮಾನವನ್ನು ಕಣ್ಣಾರೆ ಕಂಡವರೇ ಬರೆದಿಟ್ಟಿದ್ದಾರೆ.

ಟ್ವೇನ್ ಬಂದದ್ದು 1896ರ ಜನವರಿಯಲ್ಲಿ. ಆಗ ಅವರಿಗೆ 60 ವರ್ಷ. ಕೋಣೆ ತೋರಿಸಲು ಒಬ್ಬ ದಢೂತಿ ಜರ್ಮನ್ ಬಂದಿದ್ದ. ಬಾಲ್ಕನಿಯ ಗಾಜಿನ ಬಾಗಿಲು ಏನೋ ಸರಿ ಇರಲಿಲ್ಲ. ಒಬ್ಬ ಭಾರತೀಯ ಆಳು ಮಂಡಿಯೂರಿ ಕೂತು ಅದನ್ನು ಸರಿಮಾಡತೊಡಗಿದ. ಜರ್ಮನ್‌ಗೆ ಸಮಾಧಾನವಾಗಲಿಲ್ಲ. ಮೊದಲು ಕೆನ್ನೆಗೆ ಬಾರಿಸಿದ, ತಪ್ಪೇನೆಂದು ಆಮೇಲೆ ಹೇಳಿದ. ಆಳು ತುಟಿ ಬಿಚ್ಚಲಿಲ್ಲ. ಇಂಥದ್ದನ್ನು ನೋಡಿ ಐವತ್ತು ವರ್ಷವಾಗಿತ್ತು ಅಂತ ಟ್ವೇನ್ ಬರೆಯುತ್ತಾರೆ. ಗುಲಾಮರಿದ್ದ ಊರಿನಲ್ಲಿ ಬೆಳೆದವರು ಅವರು. ಆ ಒಂದು ಏಟು ಅವರನ್ನು ಬಾಲ್ಯಕ್ಕೆ ಎಳೆದೊಯ್ದಿತು. ಹತ್ತು ವರ್ಷದ ಹುಡುಗನಾಗಿದ್ದಾಗ, ಕೆಲಸ ಸರಿ ಮಾಡಲಿಲ್ಲ ಅಂತ ಒಬ್ಬ ಗುಲಾಮನ ತಲೆಗೆ ಯಾರೋ ಒಬ್ಬ ಕಬ್ಬಿಣದ ಅದಿರಿನ ಗಡ್ಡೆ ಎಸೆದು ಕೊಂದದ್ದನ್ನು ಅವರು ನೋಡಿದ್ದರು. 1897ರ ಪ್ರವಾಸ ಪುಸ್ತಕದಲ್ಲಿ ಇದೆಲ್ಲ ಇದೆ. ಜನ ಮಾತ್ರ ಅದೇ ಬಾಲ್ಕನಿಯ ಕಾಗೆಗಳ ಬಗ್ಗೆ ಅವರು ಬರೆದ ತಮಾಷೆಯನ್ನೇ ಜಾಸ್ತಿ ನೆನೆಯುತ್ತಾರೆ. ಅದೂ ಸೊಗಸಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಹೋಟೆಲ್ ಹೇಗಿತ್ತು ಅಂತ ತಿಳಿಯುವುದು ಆ ಬಾಗಿಲ ಹತ್ತಿರವೇ ಅಲ್ವಾ?

ಟ್ವೇನ್ ಬಂದ ವರ್ಷವೇ, 1896ರ ಜುಲೈ 7ರಂದು, ಫ್ರಾನ್ಸಿನ ಲೂಮಿಯೇರ್ ಸಹೋದರರ ಚಲನಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದೂ ಇಲ್ಲೇ. ಟಿಕೆಟ್ ಒಂದು ರೂಪಾಯಿ.

ಆಮೇಲೆ ಹೋಟೆಲ್ ಮುಚ್ಚಿತು, ಹೆಸರು ಎಸ್ಪ್ಲನೇಡ್ ಮ್ಯಾನ್ಶನ್ ಆಯಿತು. ವಕೀಲರ ಕಚೇರಿಗಳು, ಅಂಗಡಿಗಳು, ಮನೆಗಳು ತುಂಬಿಕೊಂಡವು. 2005ರಲ್ಲಿ ಬಾಲ್ಕನಿಯ ಒಂದು ಭಾಗ ಕುಸಿದು ಬಿತ್ತು. 2019ರಲ್ಲಿ ಒಳಗಿದ್ದವರನ್ನೆಲ್ಲ ತೆರವು ಮಾಡಿಸಿದರು. ಆ ಕಟ್ಟಡವನ್ನು ಕೆಡವಬಾರದು, ಗಟ್ಟಿ ಮಾಡಿ ಉಳಿಸಬೇಕು. ಆ ಆಳಿನ ಹೆಸರನ್ನು ಟ್ವೇನ್ ಬರೆದಿಲ್ಲ. ಆತ ಮಂಡಿಯೂರಿ ಕೂತಿದ್ದ ಕಟ್ಟಡವಾದರೂ ನಿಂತಿರಲಿ.