ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಸೆಡಾನ್ ಮಲೆನಾಡಿಗೆ ಒಗ್ಗುತ್ತದೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಅಡಿಕೆ ತೋಟ, ತೀರ್ಥಹಳ್ಳಿಯಿಂದ 8 ಕಿ.ಮೀ. ಒಳಗೆ ಮನೆ. ದಿನಾ ಪೇಟೆಗೆ ಹೋಗಿ ಬರುವುದಿದೆ, ತಿಂಗಳಿಗೆ ಒಂದೆರಡು ಸಲ ಬೆಂಗಳೂರು. 2019ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್, 2018ರ ಮರ್ಸಿಡಿಸ್ ಇ 220ಡಿ, 2018ರ ಬಿಎಂಡಬ್ಲ್ಯೂ 520ಡಿ ಮೂರೂ ನಮ್ಮ ಬಜೆಟ್ಟಿನಲ್ಲಿ ಸಿಗುತ್ತಿವೆ. ಯಾವುದು ಒಳ್ಳೆಯದು? (ಓದುಗರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ನಿಮ್ಮ ಓಡಾಟಕ್ಕೆ ಕ್ಯಾಮ್ರಿ. ಅದು ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಹೈಬ್ರಿಡ್, ಉಳಿದೆರಡು ಡೀಸೆಲ್. ಹಿಂದಿನ ಸೀಟಿನ ಸುಖದಲ್ಲಿ ಮರ್ಸಿಡಿಸ್ಸೇ ಮೇಲು, ಸ್ಟೇರಿಂಗ್ ಹಿಡಿಯುವವರ ಖುಷಿಗೆ ಬಿಎಂಡಬ್ಲ್ಯೂ ಮೇಲು. ಆದರೆ ನಿಮ್ಮ ಪತ್ರದಲ್ಲಿ ಎಲ್ಲವನ್ನೂ ತೀರ್ಮಾನಿಸುವ ಸಂಗತಿ ದಿನಾ ಓಡುವ ಆ 8 ಕಿ.ಮೀ.

ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಬಿಎಸ್6 ಹೊಗೆ ನಿಯಮದ ಗಾಡಿಯಲ್ಲಂತೂ ಇದ್ದೇ ಇರುತ್ತದೆ. ಕಟ್ಟಿದ ಮಸಿ ಸುಟ್ಟು ಹೋಗಬೇಕಾದರೆ ಹೆದ್ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ಹದದಲ್ಲಿ ಓಡಬೇಕು. ಎಂಜಿನ್ ಬಿಸಿಯಾಗುವಷ್ಟರಲ್ಲಿ ಪೇಟೆ ಸೇರಿ ಆಫ್ ಆಗುವ ಗಾಡಿಯಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ಸುಡದೆ ಉಳಿದ ಡೀಸೆಲ್ ಸೋರಿ ಎಂಜಿನ್ ಆಯಿಲ್ಲಿಗೆ ಸೇರುತ್ತದೆ, ಕೊನೆಗೆ ಫಿಲ್ಟರ್ ಕಟ್ಟಿಕೊಂಡು ಪವರ್ ಇಳಿಯುತ್ತದೆ. ಹೈಬ್ರಿಡ್ ಪೆಟ್ರೋಲ್ ಗಾಡಿಗೆ ಈ ರಗಳೆ ಇಲ್ಲ. ನಲವತ್ತು ಐವತ್ತರ ವೇಗ, ಏರು, ಇಳಿಜಾರು, ಮೇಲಿಂದ ಮೇಲೆ ಬ್ರೇಕ್ ಹಿಡಿಯುವ ನಮ್ಮ ರಸ್ತೆಗಳೇ ಅದಕ್ಕೆ ಸರಿಯಾದ ಜಾಗ. ಬ್ರೇಕಿನಲ್ಲಿ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ವಾಪಸ್ ಬರುತ್ತದೆ. 2019ರ ಕ್ಯಾಮ್ರಿಯಲ್ಲಿ 2.5 ಲೀಟರ್ ಎಂಜಿನ್ನೂ ಮೋಟಾರೂ ಸೇರಿ 218 ಪಿಎಸ್ ಶಕ್ತಿ, ಕಂಪನಿ ಹೇಳುವ ಮೈಲೇಜು ಲೀಟರಿಗೆ 23.27 ಕಿ.ಮೀ. ಬೆಂಗಳೂರು ದಾರಿಯಲ್ಲಿ ನೂರರ ಮೇಲೆ ಓಡಿಸಿದರೆ ಅಷ್ಟು ಬರುವುದಿಲ್ಲ, ಅಲ್ಲಿ ಡೀಸೆಲ್ಲೇ ಗೆಲ್ಲುತ್ತದೆ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಕಾರನ್ನು ನಿಮ್ಮ ಮನೆಗೇ ತರಿಸಿ, ಒಳಗೆ ನಾಲ್ಕು ಜನ ಕೂತು ಉಣುಗೋಲು (ಗೇಟಿನ ಅಡ್ಡಗೋಲು) ದಾಟಿ ಅಂಗಳದವರೆಗೆ ಹತ್ತಿಸಿ ಇಳಿಸಿ. ದರೆ ಕಡಿದು ಮಾಡಿದ ದಾರಿ ರಸ್ತೆಗೆ ಸೇರುವಲ್ಲಿ ಉಬ್ಬು ಇದ್ದೇ ಇರುತ್ತದೆ, ಉದ್ದನೆಯ ಕಾರು ಅಲ್ಲಿ ಹೊಟ್ಟೆ ಉಜ್ಜುತ್ತದೆ. ಚಕ್ರದಿಂದ ಚಕ್ರಕ್ಕೆ ಕ್ಯಾಮ್ರಿಯಲ್ಲಿ 2825 ಮಿ.ಮೀ., ನಮ್ಮಲ್ಲಿ ಆಗ ಮಾರುತ್ತಿದ್ದ ಉದ್ದ ಇ ಕ್ಲಾಸಿನಲ್ಲಿ 3079 ಮಿ.ಮೀ. ಒಂದು ಗೇಣಿಗೂ ಮಿಕ್ಕಿದ ಈ ವ್ಯತ್ಯಾಸ ಉಬ್ಬಿನ ಮೇಲೆ ಚೆನ್ನಾಗಿಯೇ ಗೊತ್ತಾಗುತ್ತದೆ. ಕ್ಯಾಮ್ರಿಯೂ ಉಜ್ಜಿದರೆ, ಉಬ್ಬಿನ ಎರಡೂ ಕಡೆ ಜಲ್ಲಿ ತುಂಬಿಸಿ ಇಳಿಜಾರನ್ನು ಉದ್ದ ಮಾಡಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಟೈರಿನ ಮಾತು ಬಾಕಿ ಇದೆ. 2019ರ ಕ್ಯಾಮ್ರಿಗೆ 235/45 ಆರ್18. ಪಕ್ಕದ ರಬ್ಬರಿನ ಎತ್ತರ ಬರೀ ಹತ್ತೂವರೆ ಸೆಂಟಿಮೀಟರ್. ಮಳೆಗಾಲದಲ್ಲಿ ನೀರು ತುಂಬಿ ಕಾಣದ ಗುಂಡಿಗೆ ಬಿದ್ದರೆ ಪಕ್ಕ ಬಾತುಕೊಳ್ಳುತ್ತದೆ. ನೋಡಲು ಹೋದಾಗ ನಾಲ್ಕೂ ಟೈರಿನ ಒಳಬದಿಗೆ ಕೈಯಾಡಿಸಿ, ಗುಳ್ಳೆ ಸಿಕ್ಕರೆ ಆ ಟೈರು ಹೋಯಿತು ಎಂದೇ ಲೆಕ್ಕ. ಬಿಎಂಡಬ್ಲ್ಯೂಗೆ ಹಾಕುವ, ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರು ಇನ್ನೂ ಗಡುಸು, ಊರಿನ ಟೈರ್ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಮಾಲೂ ಅಲ್ಲ.

ಪ್ರಶ್ನೆ: 2014ರ ಕ್ಯಾಮ್ರಿ ಹೈಬ್ರಿಡ್ ತುಂಬಾ ಕಡಿಮೆ ರೇಟಿಗೆ ಬಂದಿದೆ. "ಬ್ಯಾಟರಿ ಹೋದರೆ ಗಾಡಿ ಗುಜರಿಗೆ" ಎಂದು ಎಲ್ಲರೂ ಹೆದರಿಸುತ್ತಾರೆ. ಬ್ಯಾಟರಿ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? (ಓದುಗರು, ಸಾಗರ)

ಉತ್ತರ: ಹೆದರಿಕೆ ಪೂರ್ತಿ ಸುಳ್ಳಲ್ಲ, ಆದರೆ ಬ್ಯಾಟರಿ ಯಾವ ಸ್ಥಿತಿಯಲ್ಲಿದೆ ಎಂದು ಅಳೆದು ನೋಡಬಹುದು. ಅಳೆಯದೆ ಕೊಳ್ಳಬೇಡಿ, ಅಳೆಯದೆ ಬಿಡಲೂ ಬೇಡಿ.

ಈ ಮಾದರಿ 2013ರಿಂದ ಬಿಡದಿಯಲ್ಲೇ ಜೋಡಣೆಯಾಗಿದೆ. ಹಿಂದಿನ ಸೀಟಿನ ಬೆನ್ನಿಗೆ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, ತಲಾ 7.2 ವೋಲ್ಟಿನ 34 ಮಾಡ್ಯೂಲು (ಬಿಡಿ ಬ್ಯಾಟರಿ ತುಂಡು), ಒಟ್ಟು 244.8 ವೋಲ್ಟ್. ಕಂಪ್ಯೂಟರು ಎರಡೆರಡು ಮಾಡ್ಯೂಲು ಸೇರಿಸಿ 17 ಬ್ಲಾಕ್‌ಗಳಾಗಿ ಓದುತ್ತದೆ. ಹಾಳಾಗುವಾಗ ಇಡೀ ಬ್ಯಾಟರಿ ಒಟ್ಟಿಗೆ ಹೋಗುವುದಿಲ್ಲ. ಒಂದೆರಡು ಮಾಡ್ಯೂಲು ಸೊರಗುತ್ತವೆ, ಉಳಿದವನ್ನೂ ಎಳೆಯುತ್ತವೆ.

ಬೆಳಿಗ್ಗೆ ಗಾಡಿ ಪೂರ್ತಿ ತಣ್ಣಗಿರುವಾಗ ಹೋಗಿ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಬ್ಲಾಕ್ ವೋಲ್ಟೇಜ್ ತೋರಿಸುವ ಸ್ಕ್ಯಾನರ್ ಇರುವ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ಯಿರಿ. ಮೊದಲು ಗಾಡಿಯ ಕಂಪ್ಯೂಟರಿನಲ್ಲಿ ಉಳಿದಿರುವ ಹಳೆಯ ದೋಷದ ಕೋಡ್ ನೋಡಲಿ. ಪಿ0ಎ80 ಎಂದು ಬಂದರೆ ಬ್ಯಾಟರಿ ಬದಲಿಸಬೇಕೆಂದು ಗಾಡಿಯೇ ಹೇಳುತ್ತಿದೆ. ಕೋಡೇ ಇಲ್ಲದಿದ್ದರೂ ನೆಮ್ಮದಿ ಬೇಡ, ಹಿಂದಿನ ದಿನವಷ್ಟೇ ಅಳಿಸಿರಬಹುದು. ಆಮೇಲೆ ಏರು ರಸ್ತೆಯಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಿಸಿ, ಆಕ್ಸಿಲರೇಟರ್ ಒತ್ತಿದಾಗ 17 ಬ್ಲಾಕ್‌ಗಳ ವೋಲ್ಟೇಜು ಒಟ್ಟಿಗೆ ಇಳಿಯುತ್ತದೆಯೋ ನೋಡಿ. ಎಲ್ಲವೂ ಹತ್ತಿರ ಹತ್ತಿರ ಇಳಿದು ಹತ್ತಿದರೆ ಸರಿ. ಒಂದೇ ಬ್ಲಾಕ್ ಪ್ರತಿ ಸಲವೂ ಉಳಿದವಕ್ಕಿಂತ ಅರ್ಧ ವೋಲ್ಟ್ ಹಿಂದೆ ಬಿದ್ದರೆ ಅಲ್ಲಿ ರೋಗವಿದೆ. ಸ್ಕ್ಯಾನರ್ ಇಲ್ಲದೆಯೂ ಒಂದು ಸೂಚನೆ ಸಿಗುತ್ತದೆ: ಡ್ಯಾಶ್‌ಬೋರ್ಡಿನ ಚಾರ್ಜ್ ಗೆರೆಗಳು ಒಂದೆರಡು ನಿಮಿಷದಲ್ಲೇ ತುಂಬಿ, ಅಷ್ಟೇ ಬೇಗ ಖಾಲಿಯಾಗುತ್ತಿದ್ದರೆ ಬ್ಯಾಟರಿಯ ಹಿಡಿತ ಹೋಗಿದೆ.

ಹಿಂದಿನ ಸೀಟಿನ ಬಳಿ ಬ್ಯಾಟರಿ ತಂಪು ಮಾಡುವ ಫ್ಯಾನಿಗೆ ಗಾಳಿ ಎಳೆಯುವ ಜಾಲರಿ ಇದೆ. ಅದರ ಮೇಲೆ ಬಟ್ಟೆ, ಚೀಲ ಇಟ್ಟು ಓಡಾಡಿದ ಗಾಡಿ, ನಾಯಿ ಕೂರಿಸಿಕೊಂಡು ಓಡಾಡಿದ ಗಾಡಿ ಎರಡರಲ್ಲೂ ಕೂದಲು ದೂಳು ಕಟ್ಟಿ ಬ್ಯಾಟರಿ ಬೆಂದಿರುತ್ತದೆ. ಟಾರ್ಚ್ ಹಿಡಿದು ನೋಡಿ. ಕೊಂಡ ಮೇಲೂ ವರ್ಷಕ್ಕೊಮ್ಮೆ ಈ ದಾರಿ ಕ್ಲೀನ್ ಮಾಡಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಬ್ಯಾಟರಿಯ ಆಯಸ್ಸು ಹೆಚ್ಚಿಸುವ ಬೇರೆ ಕೆಲಸವಿಲ್ಲ.

"ಬ್ಯಾಟರಿ ಈಗಷ್ಟೇ ರಿಪೇರಿ ಆಗಿದೆ" ಎಂದರೆ ಬಿಲ್ ಕೇಳಿ. ಹೊಸ ಪ್ಯಾಕ್ ಹಾಕಿಸಿದ್ದು ಬೇರೆ, ಕೆಟ್ಟ ಎರಡು ಮಾಡ್ಯೂಲು ತೆಗೆದು ಇನ್ನೊಂದು ಹಳೇ ಗಾಡಿಯದ್ದು ಕೂರಿಸಿದ್ದು ಬೇರೆ. ಎರಡನೆಯದರಲ್ಲಿ ಮಾಡ್ಯೂಲುಗಳ ಶಕ್ತಿ ಒಂದಕ್ಕೊಂದು ಹೊಂದದೆ ಪಕ್ಕದವು ಸರದಿಯಲ್ಲಿ ಹೋಗುತ್ತವೆ. ಟೊಯೋಟಾ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡಲು ಶುರು ಮಾಡಿದ್ದು 2021ರ ಆಗಸ್ಟಿನಿಂದ. ಹಾಗಾಗಿ ನಿಮ್ಮ ಗಾಡಿಗೆ ಅದು ಅನ್ವಯಿಸುವುದಿಲ್ಲ. ಸರ್ವೀಸ್ ಸೆಂಟರಿನಲ್ಲಿ ಹೊಸ ಬ್ಯಾಟರಿಯ ಬೆಲೆ, ಕೂಲಿ ಸಮೇತ, ಬರಹದಲ್ಲಿ ತೆಗೆದುಕೊಳ್ಳಿ. ಚೌಕಾಸಿಗೆ ಕೂರುವಾಗ ಆ ಚೀಟಿ ಮುಂದಿಡಿ. ಆ ಮೊತ್ತ ಕಳೆದರೂ ಲಾಭ ಕಂಡರೆ ಮಾತ್ರ ಮುಂದುವರಿಯಿರಿ.

ಬ್ರೇಕ್ ಪಂಪನ್ನೂ ಕಿವಿಗೊಟ್ಟು ಕೇಳಿ. ಗಾಡಿ ಓಡಲು ಸಿದ್ಧ ಎಂದು ತೋರಿಸುವ ರೆಡಿ ದೀಪ ಹತ್ತಿಸಿ, ಬ್ರೇಕ್ ಮುಟ್ಟದೆ ಸುಮ್ಮನೆ ಕೂರಿ. ಬಾನೆಟ್ ಕಡೆಯಿಂದ ಕೆಲವೇ ಸೆಕೆಂಡಿಗೊಮ್ಮೆ ಗುಂಯ್ ಎಂದು ಪಂಪ್ ಓಡುತ್ತಿದ್ದರೆ ಒತ್ತಡ ಒಳಗೊಳಗೇ ಸೋರುತ್ತಿದೆ. ಅದೂ ದೊಡ್ಡ ಖರ್ಚು.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಈ ಗಾಡಿಯಲ್ಲಿ ಆಲ್ಟರ್ನೇಟರ್ ಇಲ್ಲ, ಮಾಮೂಲಿ ಸ್ಟಾರ್ಟರ್ ಮೋಟಾರ್ ಇಲ್ಲ, ಫ್ಯಾನ್ ಬೆಲ್ಟ್ ಇಲ್ಲ, ಸವೆಯುವ ಕ್ಲಚ್ ಇಲ್ಲ. ಹತ್ತು ವರ್ಷ ದಾಟಿದ ಬೇರೆ ದುಬಾರಿ ಕಾರುಗಳು ಜೇಬು ಖಾಲಿ ಮಾಡುವುದು ಇಂಥವುಗಳಲ್ಲೇ.

ಪ್ರಶ್ನೆ: 2016ರ ಕ್ಯಾಮ್ರಿ ಹೈಬ್ರಿಡ್ ಇದೆ. ಆಗುಂಬೆ ಘಾಟಿ ಇಳಿಯುವಾಗ ಅರ್ಧ ದಾರಿಯಲ್ಲಿ ಎಂಜಿನ್ ತಾನಾಗಿಯೇ ಜೋರಾಗಿ ಕೂಗುತ್ತದೆ. ಆಕ್ಸಿಲರೇಟರ್ ಒತ್ತಿರುವುದಿಲ್ಲ. ಏನು ದೋಷ? (ಓದುಗರು, ಶಿವಮೊಗ್ಗ)

ಉತ್ತರ: ದೋಷವಿಲ್ಲ. ಇಳಿಜಾರಿನಲ್ಲಿ ಬ್ಯಾಟರಿ ತುಂಬಿದ ಮೇಲೆ ಇನ್ನಷ್ಟು ಚಾರ್ಜ್ ಹಾಕಲು ಜಾಗ ಇರುವುದಿಲ್ಲ. ಆಗ ಗಾಡಿ ಆ ಹೆಚ್ಚಿನ ಶಕ್ತಿಯಿಂದ ಎಂಜಿನ್ನನ್ನು ಬರಿದೇ ತಿರುಗಿಸಿ ಕಳೆಯುತ್ತದೆ. ಪೆಟ್ರೋಲ್ ಉರಿಯುತ್ತಿಲ್ಲ. ಹದಿನಾಲ್ಕು ಹೇರ್‌ಪಿನ್ ತಿರುವಿನ ಘಾಟಿಯಲ್ಲಿ ಇದು ಆಗಲೇಬೇಕು.

ಮೇಲಿನಿಂದಲೇ ಗೇರನ್ನು ಬಿ ಗೆ (ಎಂಜಿನ್ನಿನ ತಡೆಯಿಂದ ವೇಗ ಹಿಡಿಯುವ ಸ್ಥಾನ) ಹಾಕಿ ಇಳಿಯಿರಿ, ಬ್ರೇಕ್ ಕಾಯುವುದು ತಪ್ಪುತ್ತದೆ. ಬಿ ಇಲ್ಲದ ಮಾದರಿಗಳಲ್ಲಿ ಎಸ್ ಗೆ ತಂದು ಕೆಳಗಿನ ಗೇರಿಗೆ ಇಳಿಸಿದರೆ ಅದೇ ಕೆಲಸ. ಘಾಟಿಯ ಬುಡದ ಸೋಮೇಶ್ವರ ತಲುಪಿದ ಮೇಲೆ ಡಿ ಗೆ ಮರಳಿ. ಸಮತಟ್ಟಿನಲ್ಲೂ ಬಿ ಯಲ್ಲೇ ಓಡಿಸಿದರೆ ಬ್ಯಾಟರಿಗೆ ಸೇರಬೇಕಾದ್ದು ಎಂಜಿನ್ ತಿರುಗಿಸಲು ಹೋಗಿ ಮೈಲೇಜು ಬೀಳುತ್ತದೆ. ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವುದು ಬೇಡವೇ ಬೇಡ. ಅಲ್ಲಿ ಮೋಟಾರಿನ ಬ್ರೇಕೂ ಇಲ್ಲ, ಎಂಜಿನ್ನಿನ ಬ್ರೇಕೂ ಇಲ್ಲ.

ಮೋಟಾರೇ ಅರ್ಧ ಬ್ರೇಕ್ ಹಿಡಿಯುವುದರಿಂದ ಹೈಬ್ರಿಡ್‌ನಲ್ಲಿ ಪ್ಯಾಡ್ ಬೇಗ ಸವೆಯುವುದಿಲ್ಲ, ಅದಕ್ಕೇ ಯಾರೂ ಚಕ್ರ ಬಿಚ್ಚಿ ನೋಡುವುದಿಲ್ಲ. ನಮ್ಮ ಮಳೆಯಲ್ಲಿ ಪ್ಯಾಡ್ ಹಿಡಿದಿರುವ ಕ್ಯಾಲಿಪರಿನ ಪಿನ್ನು ತುಕ್ಕು ಹಿಡಿದು ಕೂತುಬಿಡುತ್ತದೆ, ಒಂದೇ ಕಡೆಯ ಪ್ಯಾಡ್ ತಿನ್ನುತ್ತದೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ನಾಲ್ಕೂ ಚಕ್ರದ ಪಿನ್ ತೆಗೆಸಿ, ಒರೆಸಿ, ಬ್ರೇಕಿನದ್ದೇ ಗ್ರೀಸ್ ಹಾಕಿಸಿ.

ಪ್ರಶ್ನೆ: ಮಳೆಗೆ ಮೂರು ವಾರ ಹೈಬ್ರಿಡ್ ಕಾರು ಹೊರಗೆ ತೆಗೆಯಲಿಲ್ಲ. ಈಗ ಬಾಗಿಲೂ ತೆರೆಯುತ್ತಿಲ್ಲ, ಬೂಟೂ (ಡಿಕ್ಕಿ) ತೆರೆಯುತ್ತಿಲ್ಲ. ಅಷ್ಟು ದೊಡ್ಡ ಬ್ಯಾಟರಿ ಇದ್ದೂ ಹೀಗೇಕೆ? (ಓದುಗರು, ಹೊಸನಗರ)

ಉತ್ತರ: ಸತ್ತಿರುವುದು ದೊಡ್ಡ ಬ್ಯಾಟರಿಯಲ್ಲ, ಬೂಟಿನಲ್ಲಿರುವ ಸಣ್ಣ 12 ವೋಲ್ಟಿನದ್ದು. ಕಂಪ್ಯೂಟರ್ ಎಬ್ಬಿಸುವುದೂ ದೊಡ್ಡ ಬ್ಯಾಟರಿಯ ಸಂಪರ್ಕ ಕೊಡುವುದೂ ಅದೇ.

ರಿಮೋಟಿನೊಳಗೆ ಅಡಗಿಸಿಟ್ಟ ಲೋಹದ ಕೀಲಿ ಎಳೆದು ಡ್ರೈವರ್ ಬಾಗಿಲು ತೆರೆಯಿರಿ, ಬಾನೆಟ್ ಎತ್ತಿ. ಫ್ಯೂಸ್ ಬಾಕ್ಸಿನ ಬಳಿ ಮುಚ್ಚಳದ ಕೆಳಗೆ ಜಂಪ್ ಟರ್ಮಿನಲ್ ಇದೆ. ಇನ್ನೊಂದು ಬ್ಯಾಟರಿಯ ಪ್ಲಸ್ ಅಲ್ಲಿಗೆ, ಮೈನಸ್ ಎಂಜಿನ್ ಬಳಿಯ ಬಣ್ಣವಿಲ್ಲದ ಕಬ್ಬಿಣಕ್ಕೆ. ಬ್ರೇಕ್ ಒತ್ತಿ ಪವರ್ ಬಟನ್ ಅದುಮಿ. ರೆಡಿ ಬಂದರೆ ವೈರ್ ತೆಗೆದು ಒಂದು ಗಂಟೆ ಹಾಗೇ ಬಿಡಿ, ಗೇರ್ ಪಿ ಯಲ್ಲಿರಲಿ. ನ್ಯೂಟ್ರಲ್‌ನಲ್ಲಿಟ್ಟರೆ ದೊಡ್ಡ ಬ್ಯಾಟರಿಗೆ ಚಾರ್ಜ್ ಆಗುವುದಿಲ್ಲ. ನಿಮ್ಮ ಹೈಬ್ರಿಡ್‌ನಿಂದ ಪಕ್ಕದವರ ಜೀಪಿಗೆ ಜಂಪ್ ಕೊಡಲು ಮಾತ್ರ ಹೋಗಬೇಡಿ, ಸ್ಟಾರ್ಟರ್ ಎಳೆಯುವ ಕರೆಂಟನ್ನು ಇದರ ವೈರಿಂಗ್ ತಾಳುವುದಿಲ್ಲ.

ಬದಲಿಸುವುದಾದರೆ ಗ್ಯಾಸ್ ಹೊರಹೋಗುವ ಕೊಳವೆ ಸಮೇತ ಎಜಿಎಂ (ಆಮ್ಲ ಚೆಲ್ಲದಂತೆ ಮುಚ್ಚಿದ ಬಗೆಯ) ಬ್ಯಾಟರಿಯೇ ಬೇಕು. ಮಾಮೂಲಿ ಬ್ಯಾಟರಿ ಬೂಟಿನಲ್ಲಿಟ್ಟರೆ ಅದರ ಗ್ಯಾಸ್ ಕಾರಿನೊಳಗೇ ಸೇರುತ್ತದೆ. ಮುಂದಿನ ಮಳೆಗಾಲಕ್ಕೆ ವಾರಕ್ಕೊಮ್ಮೆ ಒಂದು ಗಂಟೆ ರೆಡಿಯಲ್ಲಿಡಿ, ತೆರೆದ ಜಾಗದಲ್ಲಿ.

ನಿಂತ ಗಾಡಿಗೆ ಇಲಿ ಬರುತ್ತದೆ. ಅಡಿಕೆ ಚೀಲ ಇಡುವ ಕೊಟ್ಟಿಗೆಯ ಪಕ್ಕ ನಿಲ್ಲಿಸಿದ್ದರಂತೂ ಖಂಡಿತ. ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಒಳಗೆ ಹಿಕ್ಕೆ, ಹರಿದ ಸ್ಪಂಜು ಇದೆಯೇ ನೋಡಿ. ಕಿತ್ತಳೆ ಬಣ್ಣದ ವೈರಿನ ಹೊದಿಕೆ ಕಚ್ಚಿದಂತೆ ಕಂಡರೆ ಕೈ ಹಾಕಬೇಡಿ, ಅದು ಪ್ರಾಣ ತೆಗೆಯುವ ವೋಲ್ಟೇಜು. ಪಿ0ಎಎ6 ಕೋಡ್ ಬಂದರೂ ಅರ್ಥ ಇದೇ ಜಾತಿಯದ್ದು, ಹೈ ವೋಲ್ಟೇಜ್ ಎಲ್ಲೋ ಗಾಡಿಯ ಲೋಹದ ಮೈಗೆ ಸೋರುತ್ತಿದೆ. ಹೈಬ್ರಿಡ್ ತರಬೇತಿ ಆದವರನ್ನೇ ಕರೆಯಿರಿ.

ಪ್ರಶ್ನೆ: ಹೋಂಡಾ ಅಕಾರ್ಡ್ ಹೈಬ್ರಿಡ್, ಲೆಕ್ಸಸ್ ಇಎಸ್ 300ಹೆಚ್ ಹೇಗೆ? (ಓದುಗರು, ಭದ್ರಾವತಿ)

ಉತ್ತರ: ಅಕಾರ್ಡ್ ಅದ್ಭುತವಾಗಿ ಓಡುತ್ತದೆ. ಆದರೆ 2016ರಲ್ಲಿ ಬಂದ ಆ ಹೈಬ್ರಿಡ್ ಪೂರ್ತಿ ಆಮದು ಗಾಡಿ, ರಸ್ತೆಯ ಮೇಲೆ ಇರುವುದೇ ಬೆರಳೆಣಿಕೆ. ಬಂಪರ್ ಒಡೆದರೂ ಕಾಯಬೇಕು, ಇರುವ ಒಂದೇ ಕಾರು ಅದಾಗದಿರಲಿ. ಲೆಕ್ಸಸ್‌ನ 2018ರಲ್ಲಿ ಬಂದ ಪೀಳಿಗೆಯೊಳಗಿರುವುದು ಕ್ಯಾಮ್ರಿಯದ್ದೇ ಬಗೆಯ 2.5 ಲೀಟರ್ ಹೈಬ್ರಿಡ್. 2020ರಿಂದ ಅದೂ ಬಿಡದಿಯಲ್ಲೇ ಜೋಡಣೆಯಾಗಿದೆ. ಒಳಗಿನ ಮೌನಕ್ಕೆ ಸಾಟಿಯಿಲ್ಲ, ಹೆಡ್‌ಲೈಟ್, ಬಾಡಿ ಪಾರ್ಟಿನ ಬೆಲೆಗೆ ಮಾತ್ರ ಸಿದ್ಧರಿರಿ.

ಪ್ರಶ್ನೆ: ದೆಹಲಿ ನೋಂದಣಿಯ 2015ರ ಡೀಸೆಲ್ ಸೆಡಾನ್ ಅರ್ಧ ಬೆಲೆಗೆ ಸಿಗುತ್ತಿದೆ. ತರಿಸಬಹುದೇ? (ಓದುಗರು, ಕೊಪ್ಪ)

ಉತ್ತರ: ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರಿಗೆ ನಿರ್ಬಂಧ ಹೇರಿದ್ದೇ ಅಗ್ಗಕ್ಕೆ ಕಾರಣ. ನಮೂನೆ 28ರ ಎನ್‌ಒಸಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಸಾಲ ಇದ್ದರೆ ಅದು ತೀರಿತೆಂದು ನಮೂನೆ 35, ಹೆಸರು ಬದಲಾವಣೆಗೆ 29 ಮತ್ತು 30, ಇಲ್ಲಿನ ಹೊಸ ನಂಬರಿಗೆ 27. ಅದರ ಮೇಲೆ ಗಾಡಿಯ ಮೂಲ ಬೆಲೆ ಮತ್ತು ವಯಸ್ಸು ನೋಡಿ ಕರ್ನಾಟಕದ ಜೀವಾವಧಿ ತೆರಿಗೆ. ಈ ಮೊತ್ತವನ್ನು ಆರ್‌ಟಿಓ ಕಚೇರಿಯಲ್ಲಿ ಮೊದಲೇ ಲೆಕ್ಕ ಹಾಕಿಸಿ. ಅರ್ಧ ಬೆಲೆಯ ಗಾಡಿ ಎಷ್ಟೋ ಸಲ ಮುಕ್ಕಾಲು ಬೆಲೆಗೆ ಬಂದು ನಿಲ್ಲುತ್ತದೆ.

ಹೊರಗಿನ ಗಾಡಿಯಾದ್ದರಿಂದ ನೆರೆ ನೀರಿನಲ್ಲಿ ಮುಳುಗಿತ್ತೇ ಎಂದೂ ನೋಡಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಒಳತುದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಹಳಿಯ ಬೋಲ್ಟು, ಸ್ಟೆಪ್ನಿ ಗುಂಡಿ, ಕಾರ್ಪೆಟ್ಟಿನ ಕೆಳಗಿನ ವೈರ್ ಸಾಕೆಟ್ಟು ಇವುಗಳಲ್ಲಿ ನಯವಾದ ಮಣ್ಣು ಕೂತಿದ್ದರೆ ಬಿಟ್ಟುಬಿಡಿ. ಸೀಟಿನ ಚರ್ಮದ ಮೇಲೆ ಬರೀ ಬಿಳಿ ಬೂಷ್ಟು ಇದ್ದು ಮಣ್ಣು ಎಲ್ಲೂ ಇಲ್ಲದಿದ್ದರೆ ಅದು ತೇವಕ್ಕೆ ಬಂದದ್ದು, ಒರೆಸಿ ಬಿಸಿಲಿಗಿಟ್ಟರೆ ಹೋಗುತ್ತದೆ.