ಮನೆಯ ಓವನ್‌ನಲ್ಲಿ ಫ್ರೆಂಚ್ ಬ್ರೆಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಹಲವು ಪತ್ರಗಳು ಒಂದೇ ವಿಷಯದವಾಗಿದ್ದುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಳ್ಳಲಾಗಿದೆ.

ಪ್ರಶ್ನೆ: ಓಟಿಜಿ (ಓವನ್-ಟೋಸ್ಟರ್-ಗ್ರಿಲ್ ಎಂಬ ಸಣ್ಣ ವಿದ್ಯುತ್ ಒಲೆ) ಕೊಂಡ ಮೇಲೆ ಫ್ರೆಂಚ್ ಬ್ರೆಡ್ ಮಾಡಲು ಹಲವು ಸಲ ಯತ್ನಿಸಿದ್ದೇನೆ. ಮೈದಾಕ್ಕೆ ಹಾಲಿನ ಪುಡಿ, ಸಕ್ಕರೆ, ಬೆಣ್ಣೆ, ಯೀಸ್ಟ್ ಸೇರಿಸಿ ನಾದಿ, ಒಂದು ಗಂಟೆ ಉಬ್ಬಲು ಬಿಟ್ಟು, 180 ಡಿಗ್ರಿಯಲ್ಲಿ 40 ನಿಮಿಷ ಬೇಯಿಸುತ್ತೇನೆ. ಬಣ್ಣವೇನೋ ಬರುತ್ತದೆ, ಆದರೆ ಹೊರಪದರ ಗರಿಗರಿಯಾಗದೆ ಮೆತ್ತಗಾಗುತ್ತದೆ, ಒಳಗೆ ಒತ್ತೊತ್ತಾಗಿರುತ್ತದೆ. ತಪ್ಪು ಎಲ್ಲಿದೆ?
– ಓದುಗರೊಬ್ಬರು, ತುಮಕೂರು

ಉತ್ತರ: ನೀವು ಹಾಕುತ್ತಿರುವ ಸಾಮಗ್ರಿಗಳಿಂದ ಬೇಕರಿಯಲ್ಲಿ ಸಿಗುವ ಮಿಲ್ಕ್ ಬ್ರೆಡ್ ಚೆನ್ನಾಗಿಯೇ ಆಗುತ್ತದೆ, ಫ್ರೆಂಚ್ ಬ್ರೆಡ್ ಆಗುವುದಿಲ್ಲ. ಬೆಣ್ಣೆ ಹೊರಪದರವನ್ನು ಮೆತ್ತಗಿಡುತ್ತದೆ. ಹಾಲಿನ ಪುಡಿ ಮತ್ತು ಸಕ್ಕರೆ ಬೇಗ ಕೆಂಪಗಾಗುವುದರಿಂದ ಒಳಗೆ ಬೇಯುವ ಮೊದಲೇ ಬ್ರೆಡ್ ಆಯಿತೆಂದು ಕಣ್ಣಿಗೆ ತೋರುತ್ತದೆ. ಫ್ರಾನ್ಸ್ ಸರ್ಕಾರ 1993ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್ ಎಂಬ ಹೆಸರಿನಲ್ಲಿ ಮಾರುವುದನ್ನು ಗೋಧಿಯ ಹಿಟ್ಟು, ನೀರು, ಉಪ್ಪು ಮತ್ತು ಯೀಸ್ಟ್ ಅಥವಾ ಹುಳಿಹಿಟ್ಟಿನಿಂದ ಮಾಡಬೇಕು. ತೀರ ಅಲ್ಪ ಪ್ರಮಾಣದಲ್ಲಿ ಕೆಲವು ಕಾಳಿನ ಹಿಟ್ಟು, ಮಾಲ್ಟ್ ಹಿಟ್ಟು ಸೇರಿಸಲು ಮಾತ್ರ ಅವಕಾಶವಿದೆ. 2022ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇದೇ ನಾಲ್ಕು ಸಾಮಗ್ರಿಗಳಿಂದಾಗುವ ಬಗೆಟ್ ಎಂಬ ಕೋಲಿನಂಥ ಉದ್ದನೆಯ ಫ್ರೆಂಚ್ ಬ್ರೆಡ್ಡಿನ ಕಸುಬನ್ನು. ಆದ್ದರಿಂದ ಮೊದಲು ಬೆಣ್ಣೆ ಮತ್ತು ಹಾಲಿನ ಪುಡಿಯ ಡಬ್ಬಿಗಳನ್ನು ಪಕ್ಕಕ್ಕಿಡಿ.

ಅರ್ಧ ಕಿಲೋ ಮೈದಾಕ್ಕೆ 310 ಮಿಲಿಲೀಟರ್ ನೀರು, 10 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್, ಅಂದರೆ ಸಮತಟ್ಟಾದ ಒಂದು ಟೀ ಚಮಚ, ಸಾಕು. ಹೊರದೇಶದ ಪಾಕವಿಧಾನಗಳಲ್ಲಿ ಇಷ್ಟೇ ಹಿಟ್ಟಿಗೆ 340 ಮಿಲಿಲೀಟರ್ ನೀರನ್ನೂ ಹೇಳಿರುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಮೈದಾ ಅಷ್ಟು ನೀರನ್ನು ಹಿಡಿಯದೆ ಕೈಗೆ ಮೆತ್ತಿಕೊಳ್ಳುತ್ತದೆ. ಎರಡು ಚಮಚ ನೀರನ್ನು ತೆಗೆದಿರಿಸಿ, ಉಳಿದ ನೀರಿನಲ್ಲಿ ಹಿಟ್ಟನ್ನು ಒಣ ಪುಡಿ ಕಾಣದಂತೆ ಕಲಸಿ, ಮುಚ್ಚಿ ಅರ್ಧ ಗಂಟೆ ಬಿಡಿ. ಹೀಗೆ ಬಿಡುವುದನ್ನು 1974ರಲ್ಲಿ ರೂಢಿಗೆ ತಂದವರು ಫ್ರಾನ್ಸಿನ ಬ್ರೆಡ್ ತಜ್ಞ ರೇಮಂಡ್ ಕಾಲ್ವೆಲ್. ಈ ಅರ್ಧ ಗಂಟೆಯಲ್ಲಿ ಹಿಟ್ಟು ತಾನಾಗಿಯೇ ನೀರು ಕುಡಿದು, ಗ್ಲುಟೆನ್ ಎಂಬ ಜಿಗುಟಾದ ಎಳೆಗಳು ಕೂಡಿಕೊಳ್ಳುವುದರಿಂದ ನಾದುವ ಶ್ರಮ ಅರ್ಧಕ್ಕರ್ಧ ಇಳಿಯುತ್ತದೆ. ಅನಂತರ ತೆಗೆದಿರಿಸಿದ ನೀರಿನಲ್ಲಿ ಯೀಸ್ಟನ್ನು ಕದಡಿ ಹಾಕಿ, ಉಪ್ಪು ಸೇರಿಸಿ ಐದಾರು ನಿಮಿಷ ನಾದಿ.

ನೀವು ಹೇಳುವ ಒಂದು ಗಂಟೆಯ ಲೆಕ್ಕವನ್ನು ಬಿಟ್ಟುಬಿಡಿ. ದೋಸೆ ಹಿಟ್ಟು ಏಪ್ರಿಲ್‌ನಲ್ಲಿ ರಾತ್ರಿಯೊಳಗೆ ಪಾತ್ರೆ ಮೀರಿ ಉಕ್ಕುತ್ತದೆ, ಡಿಸೆಂಬರ್‌ನಲ್ಲಿ ಬೆಳಗಾದರೂ ಅಲ್ಲಾಡದೆ ಕುಳಿತಿರುತ್ತದೆ. ಬ್ರೆಡ್ಡಿನ ಹಿಟ್ಟಿನ ಸ್ವಭಾವವೂ ಅದೇ. ಬೇಸಿಗೆಯಲ್ಲಿ ಒಂದೂಕಾಲು ಗಂಟೆಗೆ ಆಗುವುದಕ್ಕೆ ಚಳಿಗಾಲದಲ್ಲಿ ಎರಡೂವರೆ ಗಂಟೆ ಬೇಕಾಗಬಹುದು. ಅರ್ಧ ಗಂಟೆಗೊಮ್ಮೆ ಒದ್ದೆ ಕೈಯಿಂದ ಹಿಟ್ಟಿನ ಒಂದು ಅಂಚನ್ನು ಹಿಡಿದೆಳೆದು ಮೇಲಕ್ಕೆ ಮಡಚುತ್ತಾ, ಪಾತ್ರೆಯನ್ನು ತಿರುಗಿಸಿ ನಾಲ್ಕೂ ಕಡೆ ಹೀಗೆಯೇ ಮಾಡಿ. ಮೊದಲ ಸಲ ಹಿಟ್ಟು ಹರಿದು ಬರುತ್ತದೆ. ಮೂರನೆಯ ಸಲಕ್ಕೆ ತೆಳ್ಳಗಿನ ಹಾಳೆಯಾಗಿ ಎದ್ದು, ಅದರ ಕೆಳಗೆ ಸಣ್ಣ ಸಣ್ಣ ಗುಳ್ಳೆಗಳು ಕಾಣುತ್ತವೆ. ಹಿಂದಿನ ರಾತ್ರಿಯೇ ಮಾಡುವುದಾದರೆ ಯೀಸ್ಟನ್ನು ಅರ್ಧಕ್ಕಿಳಿಸಿ, ಹಿಟ್ಟನ್ನು ಫ್ರಿಜ್ಜಿನಲ್ಲಿಡಿ. ಪರಿಮಳದ ದೃಷ್ಟಿಯಿಂದ ನನಗೆ ಇದೇ ಹೆಚ್ಚು ಮೆಚ್ಚುಗೆ.

ಉಬ್ಬಿದ ಹಿಟ್ಟನ್ನು ನಾಲ್ಕು ಭಾಗ ಮಾಡಿದರೆ ಒಂದೊಂದೂ ಸುಮಾರು 205 ಗ್ರಾಂ ತೂಗುತ್ತದೆ. ಪ್ಯಾರಿಸ್ಸಿನ ಬಗೆಟ್ ಸುಮಾರು 250 ಗ್ರಾಂ ತೂಗಿ 55ರಿಂದ 65 ಸೆಂಟಿಮೀಟರ್ ಉದ್ದವಿರುತ್ತದೆ. ಮನೆಯ ಓಟಿಜಿಗೆ ಅದು ಹಿಡಿಸುವ ಮಾತಲ್ಲ, 25 ಸೆಂಟಿಮೀಟರ್‌ಗೆ ತೃಪ್ತಿಪಡಿ. ಕಾಲು ಗಂಟೆ ವಿಶ್ರಾಂತಿ ಕೊಟ್ಟು, ಗಾಳಿಯೆಲ್ಲ ಹೊರಹೋಗದಂತೆ ಮೆಲ್ಲಗೆ ಮಡಚಿ, ಉರುಳಿಸಿ ಉದ್ದ ಮಾಡಿ. ಒಗೆದು ಒಣಗಿಸಿದ ಹಳೆಯ ಪಂಚೆಗೆ ಹಿಟ್ಟು ಉದುರಿಸಿ, ನಡುನಡುವೆ ನೆರಿಗೆ ಎತ್ತಿ, ಆ ನೆರಿಗೆಗಳ ನಡುವೆ ಇವುಗಳನ್ನು ಮಲಗಿಸಿದರೆ ಅಗಲಕ್ಕೆ ಹರಡದೆ ಎತ್ತರಕ್ಕೆ ಉಬ್ಬುತ್ತವೆ. ಅಲ್ಲಿನ ಬೇಕರಿಯವರು ಲಿನನ್ ಬಟ್ಟೆಯಲ್ಲಿ ಮಾಡುವುದೂ ಇದನ್ನೇ. ಸುಮಾರು ಮುಕ್ಕಾಲು ಗಂಟೆಯ ಅನಂತರ ಬೆರಳಿನಿಂದ ಒತ್ತಿ ನೋಡಿ: ಗುಳಿ ನಿಧಾನವಾಗಿ ಅರ್ಧ ಮಾತ್ರ ತುಂಬಿಕೊಂಡರೆ ಒಲೆಗೆ ಸಿದ್ಧವಾಗಿದೆ ಎಂದರ್ಥ. ಹೊಸ ಬ್ಲೇಡಿನಿಂದ, ಅಡ್ಡಡ್ಡ ಅಲ್ಲದೆ ಹೆಚ್ಚುಕಡಿಮೆ ಉದ್ದಕ್ಕೇ, ಬ್ಲೇಡನ್ನು ಓರೆಯಾಗಿ ಹಿಡಿದು ಮೂರು ಗೀರು ಹಾಕಿ. ನೇರವಾಗಿ ಕೊಯ್ದ ಗೀರು ಬಾಯಿ ಬಿಡುತ್ತದೆ. ಓರೆಯಾಗಿ ಕೊಯ್ದರೆ ಅಂಚು ಎದ್ದುನಿಂತು ಮೊದಲು ಕೆಂಪಗಾಗುತ್ತದೆ.

ಇನ್ನು ನಿಮ್ಮ ಮುಖ್ಯ ದೂರಾದ ಗರಿಗರಿಯ ವಿಷಯ. ಅದಕ್ಕೆ ಕಾರಣ ಎರಡು: ಕಾವು ಕಡಿಮೆ, ಹಬೆ ಇಲ್ಲ. ಬ್ರೆಡ್ ಒಲೆಗೆ ಹೋದ ಮೊದಲ ಎಂಟು–ಹತ್ತು ನಿಮಿಷ ಅದರ ಮೇಲ್ಮೈ ಒದ್ದೆಯಾಗಿದ್ದರೆ ಹಿಗ್ಗುತ್ತಲೇ ಇರುತ್ತದೆ. ಅಲ್ಲಿನ ಪಿಷ್ಟ ಬೆಂದು ಅಂಟಾಗಿ, ಮುಂದೆ ಹಬೆ ಹೋದ ಮೇಲೆ ಒಣಗಿ, ತೆಳುವಾದ, ಹೊಳೆಯುವ, ಮುರಿದರೆ ಸದ್ದಾಗುವ ಪದರವಾಗುತ್ತದೆ. ಹಬೆಯಿಲ್ಲದ ಒಲೆಯಲ್ಲಿ ಮೇಲ್ಮೈ ಬೇಗ ಗಟ್ಟಿಯಾಗಿ ಒಳಗಿನ ಹಿಟ್ಟನ್ನು ಏಳಗೊಡುವುದಿಲ್ಲ. ಒಳಗಿನ ಒತ್ತೊತ್ತಿಗೂ ಭಾಗಶಃ ಇದೇ ಕಾರಣ. ಹಬೆಯ ಒಲೆಯನ್ನು ಪ್ಯಾರಿಸ್ಸಿಗೆ 1830ರ ದಶಕದ ಕೊನೆಯಲ್ಲಿ ತಂದವರು ವಿಯೆನ್ನಾದಿಂದ ಬಂದ ಆಗಸ್ಟ್ ಜಾಂಗ್ ಎಂಬವರು. ಫ್ರಾನ್ಸಿನ ಹೆಮ್ಮೆಯ ಹಿಂದೆ ಆಸ್ಟ್ರಿಯಾದ ಕೈಯೂ ಇದೆ.

ಓಟಿಜಿಯ ಕಾದ ಕಂಬಿಗಳ ಮೇಲೆ ನೀರು ಎರಚಬೇಡಿ; ಬಾಗಿಲಿನ ಗಾಜಿಗೆ ತಣ್ಣೀರು ತಾಗಿದರೆ ಸೀಳುವುದೂ ಉಂಟು. ಸುಲಭವಾದ ದಾರಿ ಬೇರೆಯಿದೆ. ಮರದ ಹಿಡಿಯಿಲ್ಲದ ದಪ್ಪ ಕಬ್ಬಿಣದ ಕಾವಲಿಯನ್ನು ಒಳಗಿಟ್ಟು 230ರಿಂದ 250 ಡಿಗ್ರಿಯಲ್ಲಿ 25 ನಿಮಿಷ ಚೆನ್ನಾಗಿ ಕಾಯಿಸಿ. ಗೀರಿದ ಹಿಟ್ಟನ್ನು ಬೇಕಿಂಗ್ ಹಾಳೆಯ ಸಮೇತ ಅದರ ಮೇಲಿಟ್ಟು, ನೀರು ಚಿಮುಕಿಸಿ, ಒಳಗೆ ಹಿಡಿಸುವಷ್ಟು ಅಗಲದ ಸ್ಟೀಲ್ ಬೋಗುಣಿಯನ್ನು ಮೇಲೆ ಮಗುಚಿ ಹಾಕಿ. ಹಿಟ್ಟಿನಿಂದ ಏಳುವ ಹಬೆಯೇ ಸಾಕಾಗುತ್ತದೆ. ಹತ್ತು ನಿಮಿಷವಾದ ಮೇಲೆ ಬೋಗುಣಿಯನ್ನು ಇಕ್ಕಳದಿಂದ ತೆಗೆದು, ಮತ್ತೆ 12ರಿಂದ 15 ನಿಮಿಷ, ಕಡುಗೆಂಪು ಬಣ್ಣ ಬರುವವರೆಗೆ ಬೇಯಿಸಿ. ಹೊಂಬಣ್ಣಕ್ಕೇ ನಿಲ್ಲಿಸುವುದು ನಮ್ಮಲ್ಲಿ ಸಾಮಾನ್ಯ, ಆದರೆ ಒಳಗಿನ ತೇವ ಹೊರಬಂದು ಹತ್ತೇ ನಿಮಿಷದಲ್ಲಿ ಅಂಥ ಪದರ ಮೆತ್ತಗಾಗುತ್ತದೆ. ಥರ್ಮಾಮೀಟರ್ ಚುಚ್ಚಿ ನೋಡುವವರಿಗೆ ಒಂದು ಮಾತು: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಊರುಗಳು ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿದ್ದು ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ, ಒಳಗೆ 99 ಡಿಗ್ರಿ ಬರಲೆಂದು ಕಾಯುತ್ತ ಕೂತರೆ ಬ್ರೆಡ್ ಸೀದುಹೋಗುತ್ತದೆ. 95 ಸಾಕು.

ಪ್ರಶ್ನೆ: ನಮ್ಮಲ್ಲಿ ಬೋರ್‌ವೆಲ್ ನೀರು ಬಹಳ ಗಡುಸು. ಹಿಟ್ಟು ಸರಿಯಾಗಿ ಉಬ್ಬದಿರುವುದಕ್ಕೆ ಅದೇ ಕಾರಣವೆ?
– ಗೃಹಿಣಿಯೊಬ್ಬರು, ಚಿಂತಾಮಣಿ

ಉತ್ತರ: ಗಡುಸು ನೀರಿನಿಂದ ಹಿಟ್ಟು ಸ್ವಲ್ಪ ಬಿಗಿಯಾಗುತ್ತದೆ, ಉಬ್ಬುವುದು ತುಸು ನಿಧಾನವಾಗುತ್ತದೆ, ಪೂರ್ತಿ ಉಬ್ಬದೇ ಇರುವುದಕ್ಕೆ ಅದೊಂದೇ ಕಾರಣವಾಗಲಾರದು. ಕುಡಿಯುವ ನೀರನ್ನೇ ಬಳಸಿ ನೋಡಿ. ನನ್ನ ಅನುಮಾನ ಯೀಸ್ಟಿನ ಮೇಲೆ. ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಅರ್ಧ ಚಮಚ ಯೀಸ್ಟ್ ಹಾಕಿ. ಹತ್ತು–ಹದಿನೈದು ನಿಮಿಷದಲ್ಲಿ ನೊರೆ ಏಳದಿದ್ದರೆ ಆ ಪೊಟ್ಟಣವನ್ನು ಎಸೆಯಿರಿ. ಒಡೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ. ಬೇಸಿಗೆಯ ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನಿಂದ ಬರುವ ನೀರು ಕೈ ಸುಡುವಂತಿರುತ್ತದೆ. ಅದನ್ನೇ ಹಿಟ್ಟಿಗೆ ಸುರಿದರೆ ಹಿಟ್ಟು ಬೇಕಾದ್ದಕ್ಕಿಂತ ಬೇಗ ಉಕ್ಕಿ ಹುಳಿಯಾಗುತ್ತದೆ, ಇನ್ನು 55–60 ಡಿಗ್ರಿಯ ನೀರಿನಲ್ಲಿ ಯೀಸ್ಟ್ ಸತ್ತೇ ಹೋಗುತ್ತದೆ. ಆ ತಿಂಗಳುಗಳಲ್ಲಿ ಮಡಕೆಯ ನೀರು ಇದಕ್ಕೆ ಹೇಳಿಮಾಡಿಸಿದ್ದು.

ಪ್ರಶ್ನೆ: ಮಕ್ಕಳಿಗೆ ಮೈದಾ ಕೊಡಲು ಮನಸ್ಸಿಲ್ಲ. ಇದನ್ನೇ ರಾಗಿ ಹಿಟ್ಟಿನಲ್ಲಿ ಅಥವಾ ಗಿರಣಿಯಲ್ಲಿ ಬೀಸಿದ ಗೋಧಿ ಹಿಟ್ಟಿನಲ್ಲಿ ಮಾಡಬಹುದೆ?
– ತಾಯಿಯೊಬ್ಬರು, ಮಾಲೂರು

ಉತ್ತರ: ಕೋಲಾರದ ಕಡೆಯವರು ರಾಗಿಯನ್ನು ಬಿಟ್ಟುಕೊಡುವುದಿಲ್ಲವೆಂದು ಬಲ್ಲೆ, ಆದರೆ ರಾಗಿಯಲ್ಲಿ ಗ್ಲುಟೆನ್ ಇಲ್ಲ. ಯೀಸ್ಟ್ ಹೊರಬಿಡುವ ಗಾಳಿಯನ್ನು ಹಿಡಿದಿಡುವ ಎಳೆಗಳೇ ಇಲ್ಲದಾಗ ಬ್ರೆಡ್ ಇಟ್ಟಿಗೆಯಾಗುತ್ತದೆ. ಅರ್ಧ ಕಿಲೋದಲ್ಲಿ 50ರಿಂದ 75 ಗ್ರಾಂ ರಾಗಿ ಹಿಟ್ಟು ಸೇರಿಸಿದರೆ ರುಚಿಯೂ ಬಣ್ಣವೂ ಬಂದು ಉಬ್ಬಿಗೆ ಹೆಚ್ಚು ಧಕ್ಕೆಯಾಗುವುದಿಲ್ಲ. ಅದನ್ನು ಮೊದಲೇ ಬಿಸಿನೀರಿನಲ್ಲಿ ಕಲಸಿ ಆರಿಸಿ ಸೇರಿಸಿದರೆ ಮರಳುಮರಳೆನಿಸದು. ಆ ಬಿಸಿನೀರನ್ನೂ ಒಟ್ಟು ನೀರಿನ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಿರಣಿಯ ಗೋಧಿ ಹಿಟ್ಟಾದರೆ 100 ಗ್ರಾಂವರೆಗೆ ಸೇರಿಸಿ, ನೀರನ್ನು ಒಂದೆರಡು ಚಮಚ ಹೆಚ್ಚಿಸಿ. ಪೂರ್ತಿ ಗೋಧಿ ಹಿಟ್ಟಿನ ಬ್ರೆಡ್ ಒಳ್ಳೆಯ ತಿಂಡಿಯೇ, ಆದರೆ ಅದಕ್ಕೆ ಬೇರೆ ಅಳತೆ ಬೇಕು.

ಪ್ರಶ್ನೆ: ಮಾಡಿದ ದಿನ ಚೆನ್ನಾಗಿರುವ ಬ್ರೆಡ್ ಮರುದಿನ ಫ್ರಿಜ್ಜಿನಿಂದ ತೆಗೆದಾಗ ಮರದ ತುಂಡಾಗಿರುತ್ತದೆ. ಏನು ಮಾಡಬೇಕು?
– ವಿದ್ಯಾರ್ಥಿನಿ, ತಿಪಟೂರು

ಉತ್ತರ: ಫ್ರಿಜ್ಜಿನಲ್ಲಿ ಇಡಬಾರದು. ಬೆಂದ ಪಿಷ್ಟ ಮತ್ತೆ ಗಟ್ಟಿಯಾಗುವುದು ಆ ತಂಪಿನಲ್ಲೇ ಎಲ್ಲಕ್ಕಿಂತ ಬೇಗ. ಅಂದೇ ತಿನ್ನುವುದನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿಡಿ. ಉಳಿದದ್ದನ್ನು ಹೋಳು ಮಾಡಿ ಫ್ರೀಜರ್‌ಗೆ ಹಾಕಿ. ಗಟ್ಟಿಯಾದ ಬ್ರೆಡ್ಡಿನ ಮೇಲೆ ನೀರು ಸವರಿ 200 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿದರೆ ಗರಿಗರಿ ಮರಳುತ್ತದೆ, ಆದರೆ ಕೂಡಲೇ ತಿನ್ನಬೇಕು. ಅದಕ್ಕೂ ಬಗ್ಗದಷ್ಟು ಒಣಗಿದ್ದನ್ನು ಬಿಸಿ ಬಸ್ಸಾರಿನಲ್ಲಿ ಅದ್ದಿ ತಿಂದು ನೋಡಿ.

ಪ್ರಶ್ನೆ: ಹಿಟ್ಟು ಉಬ್ಬಿ ಸಿದ್ಧವಾದಾಗಲೇ ಕರೆಂಟು ಹೋಗುತ್ತದೆ. ಒಮ್ಮೆ ಬೇಯುತ್ತಿರುವಾಗಲೇ ಹೋಯಿತು.
– ಶಿಕ್ಷಕರೊಬ್ಬರು, ಶಿರಾ

ಉತ್ತರ: ಆಕಾರ ಕೊಟ್ಟ ಹಿಟ್ಟನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ಗಂಟೆ ತಡೆಯುತ್ತದೆ, ಕರೆಂಟಿಲ್ಲದಿದ್ದರೂ ಬಾಗಿಲು ತೆರೆಯದ ಫ್ರಿಜ್ಜಿನ ತಂಪು ಅಷ್ಟು ಹೊತ್ತು ಉಳಿಯುತ್ತದೆ. ಅತಿಯಾಗಿ ಉಬ್ಬಿ ಸಡಿಲವಾದರೆ ಒತ್ತಿ, ಮತ್ತೆ ಉರುಳಿಸಿ, ಇನ್ನೊಮ್ಮೆ ಉಬ್ಬಿಸಿ. ಬೇಯುವಾಗ ಹೋದರೆ ಓವನ್ ಬಾಗಿಲನ್ನು ಮಾತ್ರ ತೆರೆಯಬೇಡಿ. ಕಾದ ಕಾವಲಿ ಒಳಗಿದ್ದರೆ ಹತ್ತು ನಿಮಿಷದ ಅಡಚಣೆಯನ್ನು ಬ್ರೆಡ್ ಸಹಿಸಿಕೊಳ್ಳುತ್ತದೆ. ಅದಕ್ಕೂ ಹೆಚ್ಚಾದರೆ, ಅರೆಬೆಂದದ್ದನ್ನು ಉದ್ದಕ್ಕೆ ಸೀಳಿ, ಗ್ಯಾಸ್ ಮೇಲೆ ದಪ್ಪ ಕಾವಲಿಯಿಟ್ಟು, ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಎರಡೂ ಬದಿ ಬೇಯಿಸಿಕೊಳ್ಳಿ.